ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ: ದಿನದ ಪ್ರಾರ್ಥನೆ ತಪ್ಪದಂತೆ ಮಾಡುವುದು ಹೇಗೆ?

ಊರಲ್ಲಿದ್ದಾಗ ಪ್ರಾರ್ಥನೆಗೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಮೊದಲು ಅಜ್ಜಿ ಚಾಪೆ ಹಾಸುತ್ತಿದ್ದರು, ನಾವೆಲ್ಲ ಬಂದು ಕೂರುತ್ತಿದ್ದೆವು. ಮುಂಬೈಗೆ ಬಂದ ಮೇಲೆ ಚಾಪೆ ಹಾಸುವವರಿಲ್ಲ. ಡೊಂಬಿವಲಿಯಲ್ಲಿ ಬೆಳಿಗ್ಗೆ ಏಳರ ಲೋಕಲ್ ಹತ್ತಿದರೆ ಮನೆ ಸೇರುವಾಗ ರಾತ್ರಿ ಒಂಬತ್ತು. ಭಾನುವಾರ ಚರ್ಚಿನ ಸಭೆಗೆ ಹೋಗುತ್ತೇವೆ, ಸರಿ. ಉಳಿದ ಆರು ದಿನ?

ನಾನು ಒಮ್ಮೆ ಹಠ ಹಿಡಿದು ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥಿಸಲು ಶುರು ಮಾಡಿದ್ದೆ. ಒಂಬತ್ತನೇ ದಿನಕ್ಕೆ ನಿಂತುಹೋಯಿತು. ಆಮೇಲೆ ಎಷ್ಟೋ ವಾರ ಸತ್ಯವೇದ (ಬೈಬಲ್) ಕೈಗೆತ್ತಿಕೊಳ್ಳಲೂ ನಾಚಿಕೆಯಾಗುತ್ತಿತ್ತು. ಭಕ್ತಿ ಕಡಿಮೆ ಇತ್ತು ಅಂತ ಈಗ ಅನಿಸುವುದಿಲ್ಲ. ಯಾವಾಗ ಕೂರಲಿ, ಎಲ್ಲಿ ಕೂರಲಿ, ಏನು ಹೇಳಲಿ ಅಂತ ದಿನಾ ಹೊಸದಾಗಿ ಯೋಚಿಸಬೇಕಾಗುತ್ತಿತ್ತು. ನಿದ್ದೆಗಣ್ಣಲ್ಲಿ ಅದು ಆಗದ ಮಾತು. ಈ ಮೂರನ್ನೂ ಹಿಂದಿನ ದಿನವೇ ಗೊತ್ತು ಮಾಡಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಹೊತ್ತು

ಹೊಸ ಹೊತ್ತು ಹುಡುಕಬೇಡಿ. ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಕೆಲಸ ಒಂದಿರುತ್ತದೆ ಅಲ್ವಾ, ಪ್ರಾರ್ಥನೆಯನ್ನು ಅದಕ್ಕೆ ಕಟ್ಟಿ.

ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ. ನಲ್ಲಿ ಮೊದಲು ಬುಸ್ ಬುಸ್ ಎಂದು ಗಾಳಿ ಬಿಡುತ್ತದೆ, ಆಮೇಲೆ ಸಣ್ಣ ಧಾರೆ. ನೀಲಿ ಡ್ರಮ್ ತುಂಬಲು ಇಪ್ಪತ್ತು ನಿಮಿಷ ಬೇಕು. ಹೇಗಿದ್ದರೂ ಏಳಲೇಬೇಕು, ಹೇಗಿದ್ದರೂ ಅಲ್ಲೇ ಇರಬೇಕು. ಹಾಗಾಗಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಖಾಲಿ ಡ್ರಮ್ಮಿನೊಳಗೆ ಬೀಳುವ ನೀರಿನ ಸದ್ದು ದೊಡ್ಡದು, ತುಂಬುತ್ತಾ ಬಂದಂತೆ ಸಣ್ಣದಾಗುತ್ತದೆ. ಆ ಸದ್ದೇ ನನಗೆ ಗಡಿಯಾರ. ಎಷ್ಟು ಹೊತ್ತಾಯಿತು ಅಂತ ಮೊಬೈಲ್ ನೋಡುವ ಕೆಲಸವೇ ಇಲ್ಲ.

ನಿಮಗೆ ಅದು ಹಾಲು ಕಾಯಿಸುವ ಹೊತ್ತಾಗಿರಬಹುದು, ಮಗುವನ್ನು ಶಾಲೆಯ ಬಸ್ ಹತ್ತಿಸಿ ಬಂದ ಹೊತ್ತಾಗಿರಬಹುದು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ಪ್ರವಾದಿ ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಶುರುವಿನಲ್ಲಿ ಒಂದೇ ಸಲ, ಹತ್ತು ನಿಮಿಷ ಸಾಕು. ಜಾಸ್ತಿ ಬೇಡ.

ಆಮೇಲೆ ಜಾಗ

ನಿನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸು ಹೇಳಿದ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಮುಚ್ಚಲು ಬಾಗಿಲು ಎಲ್ಲಿದೆ? ಗೋಡೆಗೆ ಮುಖ ಮಾಡಿ ಕುಳಿತರೂ ಸಾಕು. ಜಾಗ ಮಾತ್ರ ದಿನಾ ಅದೇ ಇರಲಿ. ಫೋನು ಇನ್ನೊಂದು ಮೂಲೆಯಲ್ಲಿರಲಿ. ಅದರಲ್ಲಿ ಸತ್ಯವೇದದ ಆ್ಯಪ್ ಇದ್ದರೂ ಅಚ್ಚಾದ ಪುಸ್ತಕವನ್ನೇ ಹಿಡಿಯಿರಿ.

ಮಾತು ಬರದ ದಿನ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಕಣ್ಣು ಮುಚ್ಚಿದರೆ ಸಂಬಳ, ಬಾಡಿಗೆ, ಆಫೀಸಿನ ಜಗಳ ಎಲ್ಲ ಬರುತ್ತವೆ, ಪ್ರಾರ್ಥನೆ ಮಾತ್ರ ಬರುವುದಿಲ್ಲ. ಅದಕ್ಕೇ ಬರೆದಿಟ್ಟ ಮಾತು ಬೇಕು. ಓದಿ ಪ್ರಾರ್ಥಿಸಿದರೆ ಅದು ಮನಸ್ಸಿನಿಂದ ಬಂದದ್ದಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದೂ ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿರುವ 22ನೇ ಕೀರ್ತನೆಯ ಮಾತೇ.

ದಿನಕ್ಕೊಂದು ಕೀರ್ತನೆ ಓದಿ. ಒಟ್ಟು 150 ಇವೆ. 119ನೆಯದು ಮಾತ್ರ 176 ವಚನಗಳಷ್ಟು ಉದ್ದ. ಅದರಲ್ಲಿ ಎಂಟೆಂಟು ವಚನಗಳ 22 ಭಾಗಗಳಿವೆ, ದಿನಕ್ಕೊಂದು ಭಾಗ ಓದಿದರಾಯಿತು. ಹಾಗೆ 171 ದಿನಕ್ಕೆ, ಅಂದರೆ ಆರು ತಿಂಗಳೊಳಗೆ ಎಲ್ಲ ಮುಗಿಯುತ್ತದೆ. ತುಟಿ ಅಲ್ಲಾಡುವಂತೆ, ಮೆಲ್ಲಗೆ ಓದಿ. ಯಾವ ಸಾಲು ತಡೆದು ನಿಲ್ಲಿಸುತ್ತದೋ ಅಲ್ಲೇ ನಿಂತು ನಿಮ್ಮ ಮಾತು ಸೇರಿಸಿ. ಸಿಟ್ಟು, ಅಳು, ಹೆದರಿಕೆ ಎಲ್ಲಕ್ಕೂ ಅಲ್ಲಿ ಜಾಗವಿದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ನನ್ನ ತಂದೆ ತೀರಿಕೊಂಡ ವಾರ ನನಗೆ ಓದಲಾದದ್ದು ಅದೊಂದೇ.

ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ. ಓಡಿಸಬೇಡಿ. ಇವತ್ತು ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿ ನಿಲ್ಲಿ, ನಾಳೆ ಇನ್ನೊಂದು ಕಡೆ.

ಲೋಕಲಿನಲ್ಲಿ ಬೇರೆಯವರಿಗಾಗಿ

‘ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ’ ಎಂದು ಎಷ್ಟು ಜನರಿಗೆ ಹೇಳಿ ಮರೆತಿದ್ದೇವೆ! ನಾನು ಕಂಡುಕೊಂಡ ದಾರಿ ಇದು: ಸ್ಟೇಷನ್ನಿಗೊಂದು ಹೆಸರು. ಠಾಣೆ ಬಂದರೆ ಡಯಾಲಿಸಿಸ್‌ಗೆ ಹೋಗುವ ಅಕ್ಕ. ಮುಲುಂಡ್‌ಗೆ ಕೆಲಸ ಹುಡುಕುತ್ತಿರುವ ತಮ್ಮನ ಮಗ. ಘಾಟ್‌ಕೋಪರ್‌ಗೆ ನಮ್ಮ ಸಭಾಪಾಲಕರು. ಕುರ್ಲಾಕ್ಕೆ, ನನ್ನ ಜೊತೆ ಮಾತು ಬಿಟ್ಟಿರುವ ಗೆಳೆಯ. ಮೈಕಿನಲ್ಲಿ ‘ಪುಢೀಲ್ ಸ್ಟೇಷನ್’ (ಮುಂದಿನ ಸ್ಟೇಷನ್) ಎಂದ ಕೂಡಲೇ ಹೆಸರು ತಾನೇ ನೆನಪಾಗುತ್ತದೆ. ನೂಕುನುಗ್ಗಲಲ್ಲಿ ಕೈ ಜೋಡಿಸಲು ಆಗದಿದ್ದರೂ ಒಂದೇ ಸಾಲು ಸಾಕು, ‘ಕರ್ತನೇ, ಅವಳನ್ನು ನೋಡಿಕೋ.’ ಕುರ್ಲಾ ಬಂದಾಗಲೆಲ್ಲ ನನಗೆ ಇವತ್ತಿಗೂ ಕಷ್ಟವೇ. ಆದರೆ ಆ ಹೆಸರು ತೆಗೆದಿಲ್ಲ.

ರಾತ್ರಿ, ಮನೆಯವರ ಜೊತೆ

ಊಟಕ್ಕೆ ಮೊದಲು ಟಿವಿ ಆರಿಸಿ, ಏಳೇ ನಿಮಿಷ ಕೂತರೂ ನಡೆಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಕುಟುಂಬ ಪ್ರಾರ್ಥನೆಯನ್ನೇ ಬಿಟ್ಟ ಮನೆಗಳಿವೆ. ಹಾಗೆ ಮಾಡಬೇಡಿ. ಮಗು ವಚನವನ್ನು ಮರಾಠಿಯಲ್ಲೇ ಓದಲಿ. ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಪಂಡಿತಾ ರಮಾಬಾಯಿ ಹೆಂಗಸರಿಗೂ ಮಕ್ಕಳಿಗೂ ಅರ್ಥವಾಗುವ ಮರಾಠಿ ಬೇಕೆಂದು ಇಡೀ ಸತ್ಯವೇದವನ್ನು ಅನುವಾದಿಸಿದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದರು. ಕರ್ತನ ಪ್ರಾರ್ಥನೆಯನ್ನು ಮಾತ್ರ ಕನ್ನಡದಲ್ಲಿ ಬಾಯಿಪಾಠ ಮಾಡಿಸಿ, ಊರಿಗೆ ಹೋದಾಗ ಅಜ್ಜಿಯ ಜೊತೆ ಹೇಳಲಿಕ್ಕೆ.

ಮಲಗುವ ಮುಂಚೆ, ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಕಲಿಸಿದ ರೂಢಿ ಒಳ್ಳೆಯದು. ಇಡೀ ದಿನವನ್ನು ದೇವರ ಮುಂದೆ ಒಮ್ಮೆ ತಿರುಗಿ ನೋಡುವುದು: ಯಾವುದಕ್ಕೆ ಸ್ತೋತ್ರ ಹೇಳಲಿ, ಯಾವುದಕ್ಕೆ ಕ್ಷಮೆ ಕೇಳಲಿ. ಎರಡೇ ಪ್ರಶ್ನೆ ಸಾಕು.

ತಪ್ಪಿಹೋದರೆ

ತಪ್ಪುತ್ತದೆ. ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಮಧ್ಯರಾತ್ರಿ ಮನೆ ಸೇರಿದ ದಿನ, ಮಗುವಿಗೆ ಜ್ವರ ಬಂದ ದಿನ. ಅಂಥ ದಿನ, ಯೇಸು ಹೇಳಿದ ಕಥೆಯಲ್ಲಿ ದೇವಾಲಯದಲ್ಲಿ ದೂರ ನಿಂತಿದ್ದ ಸುಂಕ ವಸೂಲಿಯವನ ಹಾಗೆ ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎಂದು ಹೇಳಿ ಮಲಗಿ. ಮೂರು ದಿನ ತಪ್ಪಿತೆಂದು ನಾಲ್ಕನೇ ದಿನ ನಾಲ್ಕು ಕೀರ್ತನೆ ಒಟ್ಟಿಗೆ ಓದಲು ಹೋಗಬೇಡಿ. ನಾನು ಅವಧಿ ಮುಗಿದ ರೈಲು ಪಾಸೊಂದನ್ನು ಪುಟದ ನಡುವೆ ಗುರುತಿಗೆ ಇಟ್ಟಿದ್ದೇನೆ. ಎಷ್ಟು ದಿನವಾದರೂ ಪಾಸು ಇರುವ ಪುಟದಿಂದಲೇ ಮುಂದಕ್ಕೆ. ಸದ್ಯಕ್ಕೆ ಅದು 73ರಲ್ಲಿದೆ.