ಗೇರ್‌ಬಾಕ್ಸ್ ಇಳಿಸದೆ 911ರ ಗೇರ್ ಸರಿಮಾಡಿದೆ

ನನ್ನದು 1982ರ ಪೋರ್ಷೆ 911 ಎಸ್‌ಸಿ ಕಾರು, 915 ಅನ್ನೋ ಮಾದರಿಯ ಗೇರ್‌ಬಾಕ್ಸ್. ಎರಡು ವರ್ಷ ಎರಡನೇ ಗೇರನ್ನು ಹುಡುಕಿ ಹುಡುಕಿ ಹಾಕಿದ್ದೇನೆ. ಬಿಸಿಯಾದ ಮೇಲಂತೂ ಕರ್ರ್ ಅನ್ನುತ್ತಿತ್ತು. ಐದಕ್ಕೆ ಹಾಕಲು ಹೋದರೆ ಒಮ್ಮೊಮ್ಮೆ ಮೂರಕ್ಕೆ ಬೀಳುತ್ತಿತ್ತು. ನೋಡಿದ ಮೆಕ್ಯಾನಿಕ್‌ಗಳೆಲ್ಲ "ಸಿಂಕ್ರೊ ಹೋಗಿದೆ, ಇಳಿಸಿಬಿಡಿ" ಅಂದರು. ಸಿಂಕ್ರೊ ಅಂದರೆ ಗೇರ್ ಕೂಡುವ ಮೊದಲು ವೇಗ ಸರಿದೂಗಿಸುವ ಉಂಗುರ. ಈ ಕಾರಲ್ಲಿ ಇಳಿಸೋದು ಅಂದರೆ ಎಂಜಿನ್ನೂ ಜೊತೆಗೇ ಬರಬೇಕು, ಗೊತ್ತಲ್ವಾ? ಅವರು ಹೇಳಿದ ಮೊತ್ತ ಕೇಳಿ ನಾನು ಸುಮ್ಮನೆ ಎದ್ದು ಬಂದೆ.

ಮೊದಲು ಆಯಿಲ್ ಬದಲಿಸಿದೆ. ಮೂರು ಲೀಟರ್ ಚಿಲ್ಲರೆ ಹಿಡಿಯಿತು. ತಣ್ಣಗಿದ್ದಾಗ ಗೇರ್ ಇನ್ನೂ ಬಿಗಿಯಾಯಿತು, ಅಷ್ಟೇ. ಆಮೇಲೆ ಗೇರ್ ಲಿವರ್ ಓಡಾಟ ಕಮ್ಮಿ ಮಾಡೋ ಶಾರ್ಟ್ ಶಿಫ್ಟರ್ ಕಿಟ್ ಹಾಕಿಸಿದೆ. ಜಾಸ್ತಿ ದುಡ್ಡು ಹಾಳಾಗಿದ್ದು ಇಲ್ಲೇ. ಲಿವರ್ ಓಡಾಟ ಕಮ್ಮಿ ಆದಷ್ಟೂ ಕೈಬಲ ಜಾಸ್ತಿ ಬೇಕು. ಸಿಂಕ್ರೊಗೆ ಸಿಗೋ ಸಮಯವೂ ಕಮ್ಮಿ. ಒಂದು ತಿಂಗಳಲ್ಲಿ ಬಿಚ್ಚಿ ಹಳೆಯದನ್ನೇ ಹಾಕಿದೆ.

ಆಗ ಕ್ಲಚ್ ನೋಡಿದೆ. ಪೆಡಲ್ ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದೆ. ಸಣ್ಣಗೆ ಸದ್ದು ಬಂತು. ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಹೊಂದಿಸಿದೆ, ರಿವರ್ಸ್ ಸದ್ದಿಲ್ಲದೆ ಬಿತ್ತು. ಎರಡನೇ ಗೇರ್ ಮಾತ್ರ ಹಾಗೇ ಉಳಿಯಿತು.

ಕಾರನ್ನು ಒಂದನೇ ಗೇರಲ್ಲಿ ನಿಲ್ಲಿಸಿ, ಲಿವರ್ ಪಕ್ಕ ಸ್ಕೇಲ್ ಹಿಡಿದು ಅಲ್ಲಾಡಿಸಿದೆ. ಲಿವರ್ ತುದಿಯ ಗುಂಡಿಯ ಹತ್ತಿರ ಅಡ್ಡಡ್ಡ ಸುಮಾರು 5 ಸೆಂಟಿಮೀಟರ್ ಸಡಿಲ ಆಟ! ಲಿವರ್‌ನಿಂದ ಗೇರ್‌ಬಾಕ್ಸ್ ತನಕ, ಕಾರಿನ ನೆಲದ ಮಧ್ಯದ ಉಬ್ಬಿನ (ಟನಲ್) ಒಳಗೆ ಉದ್ದದ ರಾಡ್ ಹೋಗುತ್ತೆ. ಅದರ ಒಂದೊಂದು ಕೀಲಿನ ಸಡಿಲವೂ ಸೇರಿ ಕೈಗೆ ಬರುತ್ತೆ. ಸಿಂಕ್ರೊವನ್ನು ಬೈಯುವ ಮೊದಲು ಇದನ್ನು ನೋಡಲೇಬೇಕು ಅಂತ ಹಟ ಹಿಡಿದೆ.

ಹಿಂದಿನ ಸೀಟುಗಳ ನಡುವೆ ಕಾರ್ಪೆಟ್ ಎತ್ತಿ, ಟನಲ್ ಮುಚ್ಚಳ ತೆಗೆದು, ರಾಡನ್ನು ಗೇರ್‌ಬಾಕ್ಸ್‌ಗೆ ಸೇರಿಸುವ ಕೀಲು, ಅಂದರೆ ಕಪ್ಲರ್ ಬಿಚ್ಚಿದೆ. ಒಳಗೆ ಪಿನ್ ಸುತ್ತ ಕೂರುವ ಪ್ಲಾಸ್ಟಿಕ್ ಬಳೆ, ಬುಷ್ ಅನ್ನೋದೇ ಇರಲಿಲ್ಲ. ಹಳದಿ ಚೂರುಗಳು ಅಂಗೈಗೆ ಉದುರಿದವು. ಉಗುರಲ್ಲಿ ಒತ್ತಿದರೆ ಪುಡಿ. ಪಿನ್ ಒಂದೇ ಕಡೆ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಲಿವರ್ ಬುಡದ ಗುಂಡು ಕೂರುವ ಬಟ್ಟಲು, ಅಂದರೆ ಬಾಲ್ ಕಪ್ಪೂ ಸೀಳಿತ್ತು. ಟನಲ್ ಮುಂಭಾಗದ ರಾಡ್ ಬುಷ್ ಅಂಡಾಕಾರ ಆಗಿತ್ತು.

ಮೂರೂ ಹೊಸದು ಹಾಕಿದೆ. ಹೊಸ ಬಾಲ್ ಕಪ್ ಕಲ್ಲಿನ ಹಾಗೆ ಗಟ್ಟಿ. ಮೊದಲನೆಯದನ್ನು ಸುತ್ತಿಗೆಯಲ್ಲಿ ಬಡಿದು ಒಡೆದೆ. ಎರಡನೆಯದನ್ನು ಕುದಿ ನೀರಲ್ಲಿ ಐದು ನಿಮಿಷ ಇಟ್ಟೆ, ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಕೂತಿತು. ಮಧ್ಯದಲ್ಲಿ ಕಪ್ಲರ್‌ಗೆ ಹಿತ್ತಾಳೆ ಬುಷ್ ಲೇತ್‌ನಲ್ಲಿ ಮಾಡಿಸಿಯೂ ನೋಡಿದೆ. ಗೇರ್ ಬಲು ಖಚಿತ, ಆದರೆ ಗೇರ್‌ಬಾಕ್ಸ್ ಗುಂಯ್‌ಗುಟ್ಟುವುದೆಲ್ಲ ಕೈಗೇ ಬರುತ್ತಿತ್ತು. ಮತ್ತೆ ಪ್ಲಾಸ್ಟಿಕ್‌ಗೇ ಬಂದೆ. ಕಪ್ಲರನ್ನು ಹಿಡಿಯುವ ಶಂಕುಮೂತಿಯ ಸ್ಕ್ರೂ ಸಡಿಲವಾಗದಂತೆ ತಂತಿ ಕಟ್ಟಲು ಮರೆಯಬೇಡಿ.

ರಾಡನ್ನು ಕಪ್ಲರ್‌ಗೆ ಬಿಗಿಯುವ ಕ್ಲ್ಯಾಂಪ್ ಹೊಂದಿಸಲು ನನಗೆ ಹನ್ನೊಂದು ಸಲ ಬೇಕಾಯಿತು. ಕೂದಲೆಳೆಯಷ್ಟು ತಿರುಗಿದರೂ ಎರಡನೇ ಗೇರ್ ಸಲೀಸಾಗಿ, ಐದನೆಯದು ಬಿಗಿಯಾಗುತ್ತೆ. ಕೊನೆಗೆ ಸಣ್ಣ ಮರದ ಬೆಣೆಯೊಂದನ್ನು ಮಾಡಿಕೊಂಡೆ. ಅದನ್ನು ಎಲ್ಲಿಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಟ ಈಗ ಒಂದು ಸೆಂಟಿಮೀಟರ್‌ಗೂ ಕಮ್ಮಿ. ಖರ್ಚು, ಒಡೆದ ಕಪ್ ಸೇರಿ, ಅವರು ಕೇಳಿದ್ದರಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. "ಇಳಿಸಿಬಿಡಿ" ಅಂದವರಲ್ಲಿ ಒಬ್ಬರು ಮೊನ್ನೆ ಓಡಿಸಿ, ಏನೂ ಹೇಳದೆ ಇನ್ನೊಂದು ಸುತ್ತು ಹೊಡೆದು ಬಂದರು. ಚಳಿಯಲ್ಲಿ ಅವಸರ ಮಾಡಿದರೆ ಎರಡು ಇನ್ನೂ ಸ್ವಲ್ಪ ಕರ್ ಅನ್ನುತ್ತೆ, ಅಷ್ಟು ಸಿಂಕ್ರೊ ಸವೆದಿರೋದು ನಿಜ. ಮುಂದಿನ ವಾರ ಕ್ಲಚ್ ಪೆಡಲ್ ಬುಷ್‌ಗಳಿಗೆ ಕೈ ಹಾಕುತ್ತೇನೆ.