ಬೆನ್ನುನೋವು, ಮುಂಗೋಪ ಮತ್ತು ಎರಡನೇ ಬಾಣ

ಬೆನ್ನುನೋವಿಗೆ ಧ್ಯಾನ ಮಾಡುತ್ತೇನೆ ಅಂದಾಗ ಮೊದಲು ನಕ್ಕವಳು ನನ್ನ ಹೆಂಡತಿ. "ಊಟಕ್ಕೆ ಕೂತರೇ ಹತ್ತು ನಿಮಿಷಕ್ಕೆ ಸೊಂಟ ಹಿಡ್ಕೊಳ್ಳತ್ತೆ, ಇನ್ನು ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರ್ತೀರಾ?" ಜೊತೆಗೆ ಧ್ಯಾನಕ್ಕೆ ಕೂರುವ ಗೆಳೆಯರೂ ನಕ್ಕರು. ನೋವು ಕಳ್ಕೊಳ್ಳೋಕೆ ವಿಪಸ್ಸನಾ ಅಲ್ಲ ಕಣಯ್ಯಾ, ಅದು ಇರೋದನ್ನ ಇದ್ದ ಹಾಗೆ ನೋಡೋ ಧ್ಯಾನ ಅಂತ. ಇಬ್ಬರ ಮಾತೂ ಅರ್ಧ ಸರಿ. ಆದರೆ ವಾರಕ್ಕೆ ಐದಾರು ನುಂಗುತ್ತಿದ್ದ ನೋವಿನ ಮಾತ್ರೆ ಈಗ ತಿಂಗಳಿಗೆ ಒಂದೋ ಎರಡೋ. ಅದಕ್ಕೇ ಬರೆಯುತ್ತಿದ್ದೇನೆ.

(ಡಾಕ್ಟರ್‌ಗೆ ತೋರಿಸಿ, ಡಿಸ್ಕ್‌ನಲ್ಲಿ ತೊಂದರೆ ಇಲ್ಲ, ಬರೀ ಸ್ನಾಯು ಬಿಗಿತ ಅಂತ ಖಚಿತವಾದ ಮೇಲಿನ ಕತೆ ಇದು. ಅದನ್ನು ಬಿಟ್ಟು ನೇರ ಕೂರಬೇಡಿ.)

ಮೊದಲು ಸೋತದ್ದು. ಹತ್ತು ದಿನದ ವಿಪಸ್ಸನಾ ಶಿಬಿರ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ಬೆಳಿಗ್ಗೆ 1 ಗಂಟೆ, ಸಂಜೆ 1 ಗಂಟೆ ಅಧಿಟ್ಠಾನದಲ್ಲಿ, ಅಂದರೆ ಅಲುಗಾಡುವುದಿಲ್ಲ ಅಂತ ಸಂಕಲ್ಪ ಮಾಡಿ, ಕೂತೆ. ಮೂರು ವಾರ ನಡೆಯಿತೇನೋ. ಸೊಂಟದ ಜೊತೆ ಮಂಡಿಯೂ ಸೇರಿಕೊಂಡಿತು. ತಪ್ಪು ಆಸನದ್ದು ಅಂದುಕೊಂಡು ಒಂದು ದಿಂಬು ಕೊಂಡೆ, ಆಮೇಲೆ ಇನ್ನೊಂದು, ಆಮೇಲೆ ಮಂಡಿಯೂರಿ ಕೂರುವ ಬೆಂಚು, ಅದರ ಮೇಲೆ ಗಂಟೆ ಬಾರಿಸುವ ಆ್ಯಪ್‌ಗೆ ವರ್ಷದ ಚಂದಾ. ಎಲ್ಲಾ ಸೇರಿ ಅರ್ಧ ತಿಂಗಳ ಸಂಬಳ ಹೋಯಿತು. ಶಿಬಿರಕ್ಕೆ ಶುಲ್ಕವೇ ಇರಲಿಲ್ಲ, ಕೊಟ್ಟರೆ ದಾನ ಅಷ್ಟೇ. ಖರ್ಚೆಲ್ಲ ಮನೆಗೆ ಬಂದ ಮೇಲೆ! ಬೆಂಚಿನ ಮೇಲೆ ಈಗ ಹೂಕುಂಡ ಇದೆ. ನಾನು ಕೂರುವುದು ಮಾಮೂಲಿ ಮರದ ಕುರ್ಚಿಯಲ್ಲಿ, ಬೆನ್ನು ಒರಗಿಸದೆ.

ನಿಜವಾದ ತಪ್ಪು ಬೇರೆ ಇತ್ತು. ನಾನು ವೇದನೆಯನ್ನು, ಅಂದರೆ ಮೈಯಲ್ಲಿ ಏಳುವ ಅನುಭವವನ್ನು, ನೋಡುತ್ತಲೇ ಇರಲಿಲ್ಲ, ಅದು ಯಾವಾಗ ತೊಲಗುತ್ತೆ ಅಂತ ಕಾಯುತ್ತಿದ್ದೆ. ಬುದ್ಧನ ಎರಡು ಬಾಣದ ಮಾತು ಧ್ಯಾನಕ್ಕೆ ಕೂರುವ ನಮಗೆಲ್ಲ ಬಾಯಿಪಾಠ. ಮೊದಲನೆಯದು ಮೈಗೆ ಆಗುವ ನೋವು, ಎರಡನೆಯದು ಅದಕ್ಕೆ ಮನಸ್ಸು ಸೇರಿಸಿಕೊಳ್ಳುವ ಸಂಕಟ. ನನ್ನ ಎರಡನೇ ಬಾಣ ಎಲ್ಲಿ ನಾಟುತ್ತೆ ಅಂತ ಗೊತ್ತಾಗಿದ್ದು ಒಂದು ಫೋನ್‌ನಿಂದ. ಪರದೆ ಮೇಲೆ ಮೇಲಧಿಕಾರಿಯ ಹೆಸರು ಬಂತು. ಇನ್ನೂ ಎತ್ತಿಲ್ಲ. ಅಷ್ಟರಲ್ಲೇ ಹಲ್ಲು ಕಚ್ಚಿಕೊಂಡಿದ್ದೆ, ಹೊಟ್ಟೆ ಒಳಗೆಳೆದುಕೊಂಡಿತ್ತು, ಎಡಸೊಂಟದ ಅದೇ ಹಳೇ ಜಾಗ ಹಗ್ಗ ಹುರಿಗೊಳಿಸಿದ ಹಾಗೆ ಬಿಗಿಯಿತು. ಕೂತು ಕೂತು ಬಂದ ನೋವು ಅಂದುಕೊಂಡಿದ್ದರಲ್ಲಿ ಅರ್ಧ ನುಂಗಿದ ಸಿಟ್ಟು.

ಅಲ್ಲಿಂದ ಕ್ರಮ ಬದಲಿಸಿದೆ. ಬೆಳಿಗ್ಗೆ ಆನಾಪಾನ, ಅಂದರೆ ಉಸಿರನ್ನು ಗಮನಿಸುವುದು, 12 ನಿಮಿಷ, ಸಾಕು. ಉಸಿರು ಎಣಿಸುವಾಗ ಐದರೊಳಗೆ ನಿಲ್ಲಿಸಬೇಡ, ಹತ್ತು ದಾಟಬೇಡ ಅನ್ನುತ್ತಾನೆ ಹಳೇ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ; ನಾನು ಎಂಟಕ್ಕೆ ನಿಲ್ಲಿಸುತ್ತೇನೆ. ಆಮೇಲೆ 20 ನಿಮಿಷ ಚಂಕಮಣ, ಅಂದರೆ ನಡೆಯುತ್ತಾ ಮಾಡುವ ಧ್ಯಾನ. ನಡಿಗೆ ಅಂದರೆ ಕೂರಲಾಗದವರ ಕೆಲಸ ಅಂತ ನಮ್ಮಲ್ಲಿ ಒಂದು ತಾತ್ಸಾರ ಇದೆ, ಅಲ್ವಾ? ಬುದ್ಧ ಹೇಳಿದ ಅದರ ಐದು ಲಾಭಗಳಲ್ಲಿ ಆರೋಗ್ಯವೂ ಇದೆ, ತಿಂದದ್ದು ಜೀರ್ಣವಾಗುವುದೂ ಇದೆ. ಉಳಿದದ್ದು ದಿನವಿಡೀ ಚೂರು ಚೂರು. ಫೋನ್ ಬಂದಾಗ, ಯಾರಾದರೂ ಬಾಗಿಲು ಬಡಿದಾಗ ಮೂರು ಉಸಿರು. ಎಲ್ಲಿ ಬಿಗಿ, ಬಿಸಿಯಾ ತಣ್ಣಗಾ, ಏರುತ್ತಿದೆಯಾ ಇಳಿಯುತ್ತಿದೆಯಾ. ಸಡಿಲ ಮಾಡಲು ಹೋಗುವುದಿಲ್ಲ, ಹೋದರೆ ಕೆಟ್ಟಿತು. ದಿನಕ್ಕೆ 30-40 ಸಲ ಆಗುತ್ತಿತ್ತು ಅಂತ ನೆನಪು. ಆರನೇ ವಾರಕ್ಕೆ ವ್ಯತ್ಯಾಸ ಕಂಡಿತು. ನೋವಿಗಿಂತ ಮೊದಲು ನನ್ನ ದನಿ ಇಳಿಯಿತು.

ನಡುವೆ ಇನ್ನೊಂದು ಪ್ರಯೋಗ. ಧ್ಯಾನದಲ್ಲಿ ಬರುವ ತೂಕಡಿಕೆಗೆ ಬುದ್ಧ ತನ್ನ ಶಿಷ್ಯ ಮೊಗ್ಗಲ್ಲಾನನಿಗೆ ಹೇಳಿದ ಉಪಾಯಗಳನ್ನು ಒಂದು ತಿಂಗಳು ಮಾಡಿ ನೋಡಿದೆ. ಕಿವಿ ಎಳೆದುಕೊಂಡರೆ ನಾಲ್ಕು ನಿಮಿಷ ಎಚ್ಚರ. ಕಣ್ಣಿಗೆ ನೀರು ಹಾಕಿದರೆ ಹತ್ತು. ಕೊನೆಯದು, ಬಲಮಗ್ಗುಲಿಗೆ ಮಲಗಿಬಿಡು ಅನ್ನೋದು, ನೂರಕ್ಕೆ ನೂರು ಫಲ ಕೊಟ್ಟಿತು. ಅದನ್ನೇ ಮೊದಲು ಮಾಡಿದರೆ ಮಾತ್ರ ಸುಮ್ನೆ ನಿದ್ದೆ.

ಮೆತ್ತಾದಲ್ಲೂ, ಅಂದರೆ ಒಬ್ಬೊಬ್ಬರಿಗೂ ಒಳಿತು ಬಯಸುವ ಮೈತ್ರಿ ಧ್ಯಾನದಲ್ಲೂ, ಒಂದು ತಿಂಗಳು ಹಾಳಾಯಿತು. ಧೈರ್ಯ ತೋರಿಸಲು ಹೋಗಿ ಮೇಲಧಿಕಾರಿಯಿಂದಲೇ ಶುರು ಮಾಡಿದ್ದೆ. ತನ್ನಿಂದ ಶುರು ಮಾಡಿ, ಆಗದವರನ್ನು ಕೊನೆಗಿಡು ಅಂತ ಹಿಂದಿನವರು ಸುಮ್ನೆ ಹೇಳಿಲ್ಲ. ಕೊನೆಗೂ ಅವರವರೆಗೆ ಹೇಗೆ ತಲುಪಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದೊಂದು ನನ್ನ ಬಳಿಯೇ ಇರಲಿ.

ಮೊನ್ನೆ ಅವರ ಫೋನ್ ಬಂತು. ಸೊಂಟ ಎಂದಿನಂತೆ ಹಿಡಿಯಿತು. ಮೂರು ಉಸಿರಾದ ಮೇಲೆ ಎತ್ತಿದೆ. ಮಾತು ಮುಗಿಸಿ ಇಟ್ಟಾಗ ಒಳಗಿನಿಂದ ಹೆಂಡತಿ ಕೇಳಿದಳು, "ಯಾರು, ನಿಮ್ಮ ಅಣ್ಣನಾ?"