ಲೈನ್ ಮನೆಗೆ ಮೂರನೇ ದಿನ

ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವೆ ನಾನು ಆಶಾ ಕಾರ್ಯಕರ್ತೆಯಾಗಿ ಸೇರಿದ್ದು 2009ರಲ್ಲಿ. ಬಸುರಿಯರ ಹೆಸರು ಬರೆಸುವುದು, ತಾಯಿ ಕಾರ್ಡ್ ಮಾಡಿಸುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ತಾಯಿ, ಮಗು ಮನೆ ಸೇರಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಮರುವರ್ಷದ ಮಳೆಗಾಲದಲ್ಲಿ ಒಂದು ಲೈನ್ ಮನೆಗೆ, ಅಂದರೆ ತೋಟದ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದಕ್ಕೆ ಹೋದೆ. ಮಗುವಿಗೆ ಐದು ದಿನ, ತೀರಾ ಸಣ್ಣದು. "ಪಾಪ, ಒಳ್ಳೇ ಮಗು, ಅಳೋದೇ ಇಲ್ಲ" ಅಂದರು ಮನೆಯವರು. ನಾನೂ ಹೌದು ಅಂದೆ. ಮಲಗಿದೆಯಲ್ಲ, ಎಬ್ಬಿಸುವುದು ಯಾಕೆ ಅಂತ ಬಾಣಂತಿಗೆ ಮಾತ್ರೆ ಕೊಟ್ಟು ಬಂದುಬಿಟ್ಟೆ. ಎರಡು ದಿನಕ್ಕೆ ಮಗು ಹೋಯಿತು. ಹುಟ್ಟಿ ವಾರ ಆಗದ ಮಗು ಅಳುವುದಿಲ್ಲ, ಹಾಲಿಗೆ ಏಳುವುದಿಲ್ಲ ಅಂದರೆ ಅದಕ್ಕೆ ಹುಷಾರಿಲ್ಲ ಅಂತ ಅರ್ಥ. ಅದು ನನಗೆ ಆಗ ಗೊತ್ತಿರಲಿಲ್ಲ. ಆ ತಾಯಿಯ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

2011ರಲ್ಲಿ ಮನೆಗೇ ಹೋಗಿ ನವಜಾತ ಶಿಶುವನ್ನು ನೋಡುವ ಕಾರ್ಯಕ್ರಮ ಶುರುವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಮೊದಲ ತಿಂಗಳಲ್ಲಿ, ಅದರಲ್ಲೂ ಮೊದಲ ವಾರದಲ್ಲಿ. ಅದಕ್ಕೇ ಏನೇ ಮಳೆ ಬರಲಿ, ಮೂರನೇ ದಿನದ ಭೇಟಿಯನ್ನು ನಾನು ತಪ್ಪಿಸುವುದಿಲ್ಲ.

ಹೋದ ತಕ್ಷಣ ಮಗುವನ್ನು ಮುಟ್ಟುವುದಿಲ್ಲ. ಮೊದಲು ಸೋಪು ಹಾಕಿ ಕೈ ತೊಳೆಯುತ್ತೇನೆ. ಮಗು ಸುಮ್ಮನಿದ್ದಾಗ ಎದೆ ಮೇಲಿನ ಬಟ್ಟೆ ಸರಿಸಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತೇನೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಎಳೇ ಮಗುವಿನ ಉಸಿರು ಒಂದೇ ಸಮ ಇರುವುದಿಲ್ಲ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸುತ್ತೇನೆ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿಸುತ್ತೇನೆ. ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್. 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಮಗು ತಣ್ಣಗಾಗಿದೆ ಅಂತ ಲೆಕ್ಕ. ಥರ್ಮಾಮೀಟರ್ ಇಲ್ಲದಾಗ ನೋಡಲು ತಾಯಂದಿರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೇನೆ. ಪಾದ ತಣ್ಣಗೆ, ಹೊಟ್ಟೆ ಬೆಚ್ಚಗೆ ಇದ್ದರೆ ಚಳಿ ಹಿಡಿಯುತ್ತಿದೆ. ಹೊಟ್ಟೆಯೂ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ.

ನಮ್ಮ ಮಲೆನಾಡಿನಲ್ಲಿ ಈ ಚಳಿಯೇ ದೊಡ್ಡ ಶತ್ರು. ಜುಲೈ ತಿಂಗಳಲ್ಲಿ ಲೈನ್ ಮನೆಯ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಅಂಥದ್ದೊಂದು ಮನೆಗೆ ಎರಡು ಕೆಜಿಯ ಮಗು ಬಂತು. ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೇ ಜೋಪಾನ ಮಾಡಬೇಕು. ಇಲ್ಲಿ ನೋಡಿದರೆ ಅಜ್ಜಿ ಸ್ನಾನಕ್ಕೆ ನೀರು ಕಾಯಿಸಿ, ಹೊಗೆ ಹಾಕಲು ಕೆಂಡವನ್ನೂ ರೆಡಿ ಮಾಡಿಕೊಂಡಿದ್ದರು. ಬೇಡ ಅಂದೆ. ಬರೀ ಟೋಪಿ, ಕಾಲುಚೀಲ ಹಾಕಿ, ಮಗುವನ್ನು ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಸೀರೆ ಸುತ್ತಿ ಕಟ್ಟೋಣ ಅಂದೆ.

"ಬಟ್ಟೆ ಬಿಚ್ಚೋದಾ? ಇದೆಂಥದ್ದು ಮಾರಾಯ್ತಿ, ಚಳಿಗೆ ಮಗು ಉಳಿಯುತ್ತಾ?" ಅಂದರು ಅಜ್ಜಿ.

ನಾನು ವಾದ ಮಾಡಲಿಲ್ಲ. ಕಂಬಳಿ ಸುತ್ತಿದ್ದ ಮಗುವಿಗೆ ಥರ್ಮಾಮೀಟರ್ ಇಟ್ಟು ತೋರಿಸಿದೆ, 36.1. ತಾಯಿಯ ಎದೆಗೆ ಕಟ್ಟಿ ಒಂದು ಗಂಟೆ ಅಲ್ಲೇ ಕೂತೆ. ಮತ್ತೆ ನೋಡಿದರೆ 36.8. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಊಟಕ್ಕೆ ಎದ್ದಾಗ ನಾನು ಹಾಕ್ಕೋಬಹುದಾ?" ಅಂತ ಕೇಳಿದರು. ಖಂಡಿತ ಹಾಕ್ಕೋಬಹುದು, ಅಪ್ಪನೂ ಹಾಕ್ಕೋಬಹುದು. ಇದನ್ನು ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಬೆಚ್ಚಗಿಡುವ ಪೆಟ್ಟಿಗೆ ಸಾಲದೆ ವೈದ್ಯರು ಶುರು ಮಾಡಿದ್ದು. ನಮ್ಮ ಲೈನ್ ಮನೆಯಲ್ಲೂ ಪೆಟ್ಟಿಗೆ ಇಲ್ಲ, ಅಜ್ಜಿಯ ಎದೆ ಇದೆ, ಅಲ್ವಾ?

ಆ ಮಗುವಿಗೆ ಚೀಪಲು ಶಕ್ತಿ ಸಾಲುತ್ತಿರಲಿಲ್ಲ. ಎದೆಹಾಲನ್ನೇ ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ ಎರಡು ಗಂಟೆಗೊಮ್ಮೆ ಕುಡಿಸಿದರು. ರಾತ್ರಿ ಎಬ್ಬಿಸುವ ಕೆಲಸವನ್ನು ಅಜ್ಜಿ ವಹಿಸಿಕೊಂಡರು. ಮೊದಲ ದಿನಗಳಲ್ಲಿ ಇಳಿದಿದ್ದ ತೂಕ ಹದಿನಾಲ್ಕನೇ ದಿನಕ್ಕೆ ಮತ್ತೆ ಎರಡು ಕೆಜಿ ಮುಟ್ಟಿತು. 42ನೇ ದಿನ 2 ಕೆಜಿ 700 ಗ್ರಾಂ. ತಕ್ಕಡಿಯ ಜೋಳಿಗೆಯಲ್ಲಿ ಅದು ಜೋರಾಗಿ ಅತ್ತಾಗ ನನ್ನ ಕಣ್ಣಲ್ಲಿ ನೀರು ಬಂತು.

ಮಗು ಸಣ್ಣದಾಗಿ ಹುಟ್ಟುವುದಕ್ಕೆ ತಾಯಿಯ ರಕ್ತ ಕಡಿಮೆ ಇರುವುದೂ ಒಂದು ಕಾರಣ. ಬಸುರಿಯರಿಗೆ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ ಕೊಡುತ್ತೇವೆ. ನಮ್ಮಲ್ಲಿ ಊಟ ಆದ ಕೂಡಲೇ ಕಾಫಿ ಬೇಕೇ ಬೇಕು. ಅದರ ಜೊತೆ ಮಾತ್ರೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆ ಬಿಡಿ ಅಂತ ಪ್ರತಿ ಮನೆಯಲ್ಲೂ ಹೇಳುತ್ತೇನೆ.

ಈಗ ಏಳನೇ ತಿಂಗಳಿಗೇ ಹೋಗಿ ಬಸುರಿಯ ಜೊತೆ ಅಜ್ಜಿಯನ್ನೂ ಕೂರಿಸಿಕೊಳ್ಳುತ್ತೇನೆ. ಜೇನುತುಪ್ಪ ನೆಕ್ಕಿಸಬೇಡಿ, ಹೊಕ್ಕುಳಿಗೆ ಏನೂ ಹಚ್ಚಬೇಡಿ, ಮೊದಲ ಹಾಲು ಚೆಲ್ಲಬೇಡಿ ಅಂತ ಅವರಿಗೇ ಹೇಳುತ್ತೇನೆ. ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಚಿಕಿತ್ಸೆ, ಔಷಧಿ, ಓಡಾಟ ಎಲ್ಲ ಉಚಿತ ಅಂತ ಮನೆಯ ಯಜಮಾನರಿಗೆ ತಿಳಿಸುತ್ತೇನೆ. ಕೊನೆಗೆ ಕೇಳುವುದು ಒಂದೇ. 108 ರಸ್ತೆಯವರೆಗೆ ಬರುತ್ತದೆ ಸರಿ, ಮಳೆಯಲ್ಲಿ ಲೈನಿಂದ ರಸ್ತೆಗೆ ಯಾರ ಜೀಪು? ಆ ಜೀಪಿನವರ ನಂಬರನ್ನು ಬಾಗಿಲ ಹಿಂದೆ ದೊಡ್ಡದಾಗಿ ಬರೆದ ಮೇಲೆಯೇ ನಾನು ಎದ್ದು ಬರುವುದು.